ಲೈಟ್ ಬಿಲ್ ಸೊನ್ನೆ ಬಂದರೆ ನನ್ನ ಭಾರವೂ ಸೊನ್ನೆಯೇ?

ಓದುಗರ ಪ್ರಶ್ನೆ: ನಾನು ಕಲಬುರಗಿಯವಳು. ಪೇಟೆಗೆ ಹೋಗುವಾಗ ಬಟ್ಟೆ ಚೀಲ ಒಯ್ಯುತ್ತೇನೆ. ಪ್ರತಿ ವರ್ಷ ಜೂನ್ 5ಕ್ಕೆ ಒಂದು ಗಿಡ ಹಚ್ಚುತ್ತೇನೆ. ನಮ್ಮ ಮನೆ ಲೈಟ್ ಬಿಲ್ ಸೊನ್ನೆ ಬರುತ್ತದೆ. ಹಾಗಿದ್ದರೆ ನನ್ನಿಂದ ಪರಿಸರಕ್ಕೆ ಆಗುವ ಹಾನಿ ಕಡಿಮೆಯೇ ಅಲ್ವಾ? ಇದನ್ನು ಮನೆಯಲ್ಲೇ ಕೂತು ಅಳೆಯೋದಕ್ಕೆ ಏನಾದರೂ ದಾರಿ ಇದೆಯಾ?

ಅಕ್ಕಾ, ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಬಹಳ ಜನ ಕೇಳುತ್ತಾರೆ. ನಿಮ್ಮ ಮಾತಿನಲ್ಲಿ ಲೈಟ್ ಬಿಲ್ ಬಂತು ನೋಡಿ, ಅಲ್ಲಿಂದಲೇ ಶುರು ಮಾಡೋಣ.

ಬಿಲ್ಲಿನಲ್ಲಿ ಸೊನ್ನೆ ಇರುವುದು ರೂಪಾಯಿಯ ಜಾಗದಲ್ಲಿ. ಅದೇ ಚೀಟಿಯಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ, ಬಳಸಿದ ಯೂನಿಟ್. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಆ ಸಂಖ್ಯೆಯನ್ನು ನೋಡುವವರೇ ಕಡಿಮೆಯಾದರು. ನಾನು ಯೋಜನೆಯನ್ನು ಬೈಯುತ್ತಿಲ್ಲ. ಎಷ್ಟೋ ಮನೆಗಳಿಗೆ ಅದರಿಂದ ಉಸಿರಾಡುವಂತಾಗಿದೆ. ಆದರೆ ದುಡ್ಡು ಕಟ್ಟುವಾಗ ಮೀಟರ್ ಮೇಲೆ ಇರುತ್ತಿದ್ದ ಕಣ್ಣು ಈಗ ಇಲ್ಲ, ಅಷ್ಟೇ. ಜೆಸ್ಕಾಂನವರು ಚೀಟಿ ಕೊಟ್ಟು ಹೋದರೆ ನಾವು ಅದನ್ನು ಮಡಚಿ ಕಿಟಕಿ ಸರಳಿಗೆ ಸಿಕ್ಕಿಸುತ್ತೇವೆ.

ಆ ಚೀಟಿ ತೆಗೆಯಿರಿ. ಯೂನಿಟ್ ಎಷ್ಟಿದೆ ನೋಡಿ, 0.7ರಿಂದ ಗುಣಿಸಿ. ಬರುವ ಉತ್ತರ ಕೆ.ಜಿ. ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್, ಭೂಮಿಯನ್ನು ಬಿಸಿ ಮಾಡುವ ಅನಿಲ. ದೇಶದ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತದೆ. ಗಾಳಿ, ಬಿಸಿಲು, ನೀರಿನಿಂದ ಬರುವುದನ್ನೂ ಸೇರಿಸಿ ಸರಾಸರಿ ತೆಗೆದರೆ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಬೀಳುತ್ತದೆ. ರಾಯಚೂರಿನ ಶಕ್ತಿನಗರದ ಕಡೆ ಹೋದವರು ಅಲ್ಲಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನೋಡಿರುತ್ತೀರಿ. ನಮ್ಮ ಮನೆ ಫ್ಯಾನಿನ ಹೊಗೆ ಹೋಗುವುದು ಅಂಥ ಕಡೆಯಿಂದ. ಮನೆಯಲ್ಲಿ ಹೊಗೆ ಕಾಣುವುದಿಲ್ಲ, ಹಾಗಾಗಿ ಇಲ್ಲ ಅಂದುಕೊಳ್ಳುತ್ತೇವೆ.

ಇನ್ನೆರಡು ಸಂಖ್ಯೆ ಬೇಕು. ಅಡುಗೆ ಗ್ಯಾಸ್ 1 ಕೆ.ಜಿ. ಉರಿದರೆ ಸುಮಾರು 3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಸಿಲಿಂಡರಿನಲ್ಲಿ ಇರುವುದು 14.2 ಕೆ.ಜಿ., ಅಂದರೆ ಒಂದು ಸಿಲಿಂಡರಿಗೆ 42 ಕೆ.ಜಿ. ಹತ್ತಿರ. ಪೆಟ್ರೋಲ್ ಒಂದು ಲೀಟರಿಗೆ 2.3 ಕೆ.ಜಿ. ಮುಕ್ಕಾಲು ಕೆ.ಜಿ. ತೂಗುವ ಪೆಟ್ರೋಲಿನಿಂದ ಎರಡು ಕೆ.ಜಿ.ಗಿಂತ ಜಾಸ್ತಿ ಹೇಗೆ ಬರುತ್ತದೆ ಅಂತ ನನಗೂ ಮೊದಲು ತಲೆಗೆ ಹೋಗಿರಲಿಲ್ಲ. ಉರಿಯುವಾಗ ಗಾಳಿಯಲ್ಲಿನ ಆಮ್ಲಜನಕ ಬಂದು ಕೂಡಿಕೊಳ್ಳುತ್ತದೆ. ತೂಕ ಹೆಚ್ಚುವುದು ಅದರಿಂದ.

ಈಗ ನಾಲ್ಕು ಜನರ ಒಂದು ಮನೆ ಹಿಡಿಯಿರಿ. ತಿಂಗಳಿಗೆ 120 ಯೂನಿಟ್, ಒಂದು ಸಿಲಿಂಡರ್, ಗಾಡಿಗೆ 20 ಲೀಟರ್ ಪೆಟ್ರೋಲ್. 84, 42, 46. ಕೂಡಿದರೆ 172 ಕೆ.ಜಿ. ವರ್ಷಕ್ಕೆ ಎರಡು ಟನ್ನಿನ ಆಸುಪಾಸು, ತಲೆಗೆ ಅರ್ಧ ಟನ್.

ಇಲ್ಲಿ ಒಂದು ತಮಾಷೆ ಇದೆ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಅಂತ ಲೆಕ್ಕ. ಜಗತ್ತಿನ ಸರಾಸರಿ ಇದರ ಎರಡು ಪಟ್ಟಿಗಿಂತ ಜಾಸ್ತಿ, ಅಮೆರಿಕದವರದ್ದು ಏಳು ಪಟ್ಟು. ಅದು ಇರಲಿ. ನಮ್ಮ ಚೀಟಿ, ಸಿಲಿಂಡರ್, ಪೆಟ್ರೋಲ್ ಸೇರಿ ಅರ್ಧ ಟನ್ ಆದರೆ ಉಳಿದ ಒಂದೂವರೆ ಟನ್ ಎಲ್ಲಿ ಹೋಯಿತು?

ಅದರಲ್ಲಿ ಒಂದು ಪಾಲು ನಮ್ಮ ಜಿಲ್ಲೆಯಲ್ಲೇ ಹುಟ್ಟುತ್ತದೆ. ಸೇಡಂ, ಚಿತ್ತಾಪುರ, ವಾಡಿ ಕಡೆ ಹೋಗಿ. ನೆಲದ ಕೆಳಗೆಲ್ಲ ಸುಣ್ಣದ ಕಲ್ಲು. ಅದಕ್ಕೇ ಅಲ್ಲೆಲ್ಲ ಸಿಮೆಂಟ್ ಕಾರ್ಖಾನೆ. ಸಿಮೆಂಟ್ ಮಾಡಲು ಈ ಕಲ್ಲನ್ನು ಪುಡಿ ಮಾಡಿ 1,450 ಡಿಗ್ರಿ ಶಾಖದ ಭಟ್ಟಿಯಲ್ಲಿ ಸುಡಬೇಕು. ಭಟ್ಟಿಗೆ ಹಾಕುವ ಕಲ್ಲಿದ್ದಲಿನಿಂದ ಹೊಗೆ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಬೇರೆ ಇದೆ: ಕಲ್ಲೇ ಹೊಗೆ ಬಿಡುತ್ತದೆ. ಶುದ್ಧ ಸುಣ್ಣದ ಕಲ್ಲು 100 ಕೆ.ಜಿ. ಸುಟ್ಟರೆ ಉಳಿಯುವ ಸುಣ್ಣ 56 ಕೆ.ಜಿ. ಮಿಕ್ಕ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಕಲ್ಲಿನಲ್ಲಿ ಸೇರಿಕೊಂಡಿದ್ದ ಗಾಳಿ ಅದು. ನಾಳೆ ಭಟ್ಟಿಯನ್ನು ಬಿಸಿಲಿನಿಂದ ಕಾಯಿಸಿದರೂ ಅದು ತಪ್ಪುವುದಿಲ್ಲ.

ಕಲ್ಲಿದ್ದಲು ಉರಿದು ಉಳಿದ ಹಾರುಬೂದಿ ಮುಂತಾದ್ದನ್ನು ಬೆರೆಸಿ ಮಾಡುವುದರಿಂದ ನಮ್ಮ ದೇಶದ ಸಿಮೆಂಟಿನ ಲೆಕ್ಕ ಸ್ವಲ್ಪ ಕಡಿಮೆ. ಆದರೂ 50 ಕೆ.ಜಿ. ಚೀಲ ಒಂದಕ್ಕೆ ಸುಮಾರು 30 ಕೆ.ಜಿ. ಬರುತ್ತದೆ. ಸಾವಿರ ಚದರ ಅಡಿ ಮನೆಗೆ ಮೇಸ್ತ್ರಿಗಳು ಅಂದಾಜು 400 ಚೀಲ ಹೇಳುತ್ತಾರೆ. ಗುಣಿಸಿ ನೋಡಿ. 12 ಟನ್! ನಾಲ್ಕು ಜನರ ಮನೆಯ ಕರೆಂಟು, ಗ್ಯಾಸು, ಪೆಟ್ರೋಲ್ ಎಲ್ಲ ಸೇರಿ ಆರು ವರ್ಷಕ್ಕೆ ಆಗುವಷ್ಟು ಮನೆ ಕಟ್ಟಿದ ಒಂದೇ ವರ್ಷದಲ್ಲಿ, ಅದೂ ಬರೀ ಸಿಮೆಂಟಿನಿಂದ. ಕಬ್ಬಿಣ, ಇಟ್ಟಿಗೆ ಬೇರೆ.

ಹಾಗಂತ ಮನೆ ಕಟ್ಟಬೇಡಿ ಅಂತ ಯಾರು ಹೇಳುತ್ತಾರೆ? ಮಳೆಗಾಲದಲ್ಲಿ ಸೋರುವ ಮಾಳಗಿ ಕೆಳಗೆ ಮಲಗಿದವರಿಗೆ ಆರ್‌ಸಿಸಿ ಅಂದರೆ ಏನು ಅಂತ ಗೊತ್ತಿರುತ್ತದೆ. ನನ್ನ ತಕರಾರು ಬೇರೆ. ಇದ್ದ ಗಟ್ಟಿ ಮನೆಯನ್ನು ಹಳೇ ಮಾದರಿ ಅಂತ ಕೆಡವುವುದು, ಯಾರೂ ಕೂಡದ ಮೂರನೇ ಕೋಣೆ ಕಟ್ಟಿ ಬೀಗ ಹಾಕುವುದು, ಅಂಗಳಕ್ಕೆಲ್ಲ ಕಾಂಕ್ರೀಟ್ ಸುರಿದು ಮಳೆನೀರು ಇಂಗದಂತೆ ಮಾಡುವುದು. ಇಂಥ ಕಡೆ ಒಂದು ಸಲ ಯೋಚಿಸಿದರೂ ಹತ್ತು ವರ್ಷದ ಬಟ್ಟೆ ಚೀಲಕ್ಕಿಂತ ಜಾಸ್ತಿ ಉಳಿಯುತ್ತದೆ. ಅದೇ ಸುಣ್ಣದ ಕಲ್ಲನ್ನು ಸುಡದೆ ಕೊಯ್ದರೆ ನೆಲಕ್ಕೆ ಹಾಸುವ ಶಹಾಬಾದ್ ಪರಸಿ. ಅದರೊಳಗಿನ ಗಾಳಿ ಅದರೊಳಗೇ ಇರುತ್ತದೆ, ಬೇಸಿಗೆಯಲ್ಲಿ ಕಾಲಿಗೆ ತಂಪು ಬೇರೆ. ಈಗ ಎಲ್ಲರಿಗೂ ದೂರದಿಂದ ಲಾರಿಯಲ್ಲಿ ಬರುವ ಹೊಳೆಯುವ ಟೈಲ್ಸೇ ಬೇಕು, ಅದೂ ಭಟ್ಟಿಯಲ್ಲಿ ಸುಟ್ಟದ್ದೇ. ಪರಸಿ ಖಣಿಗಳಿಂದ ಬಿದ್ದ ಗುಂಡಿ, ಧೂಳಿನ ಪಾಪ ಇಲ್ಲ ಅಂತಲ್ಲ. ಆದರೂ ನನ್ನ ಓಟು ಪರಸಿಗೇ.

ನಿಮ್ಮ ಬಟ್ಟೆ ಚೀಲಕ್ಕೆ ಬರುತ್ತೇನೆ. ತೆಳು ಪ್ಲಾಸ್ಟಿಕ್ ಚೀಲ ಒಂದು ಐದು ಗ್ರಾಂ ಇರಬಹುದು. ಇಂಗಾಲದ ಲೆಕ್ಕದಲ್ಲಿ ಒಂದು ಚೀಲ ಸಿಮೆಂಟ್ ಸಾವಿರಕ್ಕೂ ಹೆಚ್ಚು ಇಂಥ ಚೀಲಗಳಿಗೆ ಸಮ. ಹಾಗಾದರೆ ಚೀಲ ಒಯ್ದದ್ದು ಸುಮ್ನೆನಾ? ಅಲ್ಲ. ಪ್ಲಾಸ್ಟಿಕ್ಕಿನ ಕಾಟ ಇಂಗಾಲದ್ದಲ್ಲ. ಅದು ಗಟಾರದಲ್ಲಿ ಸಿಕ್ಕಿಕೊಳ್ಳುತ್ತದೆ, ದನದ ಹೊಟ್ಟೆ ಸೇರುತ್ತದೆ. ಬೆಳಗಿನ ಜಾವ ಓಣಿಯ ಮೂಲೆಯಲ್ಲಿ ಕಸದ ಜೊತೆ ಸುಟ್ಟರೆ ಆ ವಿಷ ನಮ್ಮ ಮಕ್ಕಳ ಎದೆಗೇ ಇಳಿಯುತ್ತದೆ. ಅಂದರೆ ಗಾಳಿಯ ಲೆಕ್ಕ ಬೇರೆ, ಕಸದ ಲೆಕ್ಕ ಬೇರೆ, ನೀರಿನ ಲೆಕ್ಕ ಬೇರೆ. ಒಂದರಲ್ಲಿ ಉಳಿಸಿದ್ದನ್ನು ಇನ್ನೊಂದಕ್ಕೆ ಜಮಾ ಮಾಡಲು ಬರುವುದಿಲ್ಲ.

ಗಿಡದ್ದೂ ಹಾಗೇ. ಚೆನ್ನಾಗಿ ಬೆಳೆದ ಮರ ವರ್ಷಕ್ಕೆ ಇಪ್ಪತ್ತು ಕೆ.ಜಿ. ಹೀರಬಹುದು ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಜಾತಿ ಮತ್ತು ವಯಸ್ಸಿನ ಮೇಲೆ ಹೆಚ್ಚು ಕಡಿಮೆ. ಅರ್ಧ ಸಿಲಿಂಡರಿಗೂ ಸಾಲದು. ಆದರೆ ಮೇ ತಿಂಗಳ ಮಧ್ಯಾಹ್ನ ಬೇವಿನ ಮರದ ಕೆಳಗೆ ನಿಂತವರು ಅದನ್ನು ಕೆ.ಜಿ.ಯಲ್ಲಿ ಅಳೆಯುವುದಿಲ್ಲ. ಹಚ್ಚಿ. ಹಚ್ಚಿದ ಮೇಲೆ ಎರಡು ಬೇಸಿಗೆ ನೀರು ಹಾಕಿ, ಅದೇ ಕಷ್ಟದ ಕೆಲಸ.

ಬೇಸಿಗೆ ಅಂದ ಕೂಡಲೇ ನಮ್ಮ ಊರಿನ ದೊಡ್ಡ ಪ್ರಶ್ನೆ: ಕೂಲರ್ ಇರಲಾ, ಎಸಿ ತರಲಾ? ಒಂದೂವರೆ ಟನ್ನಿನ ಎಸಿ ರಾತ್ರಿ 8 ತಾಸು ಓಡಿದರೆ ಸುಮಾರು 8 ಯೂನಿಟ್. ಕೂಲರಿಗೆ ಒಂದೂವರೆ ಸಾಕು. ಏಪ್ರಿಲ್, ಮೇ ಎರಡು ತಿಂಗಳ ವ್ಯತ್ಯಾಸ 270 ಕೆ.ಜಿ. ಮೇಲೆ, ಆರು ಸಿಲಿಂಡರ್ ಸುಟ್ಟ ಹಾಗೆ. ನಮ್ಮದು ಒಣ ಬಿಸಿಲು, ಕೂಲರ್ ಚೆನ್ನಾಗಿ ಕೆಲಸ ಮಾಡುವುದೇ ಇಂಥ ಹವೆಯಲ್ಲಿ. ಮಂಗಳೂರಿನವರಿಗೆ ಈ ಭಾಗ್ಯ ಇಲ್ಲ! ಆದರೆ ಕೂಲರ್ ರಾತ್ರಿಗೆ ಎರಡು ಮೂರು ಕೊಡ ನೀರು ಕುಡಿಯುತ್ತದೆ. ನಳಕ್ಕೆ ನೀರು ಯಾವಾಗ ಬರುತ್ತದೋ ಅಂತ ಕಾಯುವ ಓಣಿಯಲ್ಲಿ ಅದು ಸಣ್ಣ ಮಾತಲ್ಲ. ನಾನು ಇದಕ್ಕೆ ಕಂಡುಕೊಂಡ ಉಪಾಯ ಇಷ್ಟೇ: ಕುಡಿಯುವ ನೀರಿನ ಫಿಲ್ಟರಿನಿಂದ ಹೊರಗೆ ಹೋಗುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕೂಲರಿಗೆ ಹಾಕುತ್ತೇನೆ. ಆರ್‌ಓ ಫಿಲ್ಟರ್ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚೆಲ್ಲುತ್ತದೆ. ಉಪ್ಪು ಜಾಸ್ತಿ ಇರುವ ನೀರಾದ್ದರಿಂದ ಕೂಲರಿನ ಹುಲ್ಲಿನ ಪ್ಯಾಡ್ ಬೇಗ ಗಟ್ಟಿಯಾಗುತ್ತದೆ, ಪ್ರತಿ ವರ್ಷ ಬದಲಿಸಬೇಕು. ಮನೆಯಲ್ಲಿ ವಯಸ್ಸಾದವರು, ಹಸುಗೂಸು ಇದ್ದು ಎಸಿ ಬೇಕೇ ಬೇಕಾದರೆ 24ಕ್ಕಿಂತ ಕೆಳಗೆ ಇಳಿಸಬೇಡಿ. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ 6ರಷ್ಟು ಕರೆಂಟ್ ಉಳಿಯುತ್ತದೆ.

ನೀರಿನ ಮಾತು ಬಂತು, ನನ್ನ ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಒಂದು ಸಂಜೆ ಮೋಟಾರ್ ಹಚ್ಚಿ ನಿದ್ದೆ ಹೋದೆ. ಪಕ್ಕದ ಮನೆ ಕಾಕು ಗೋಡೆಯಾಚೆಯಿಂದ "ನಿಮ್ಮ ಮನ್ಯಾಗ ಮಳಿ ಬಂದದೇನ್ರೀ?" ಅಂತ ಕೂಗುವ ತನಕ ಎಚ್ಚರ ಇಲ್ಲ. ಒಂದು ತಾಸು ಟಾಕಿ ತುಂಬಿ ಹರಿದಿತ್ತು. ಒಂದು ಎಚ್‌ಪಿ ಮೋಟಾರಿಗೆ ತಾಸಿಗೆ ಮುಕ್ಕಾಲು ಯೂನಿಟ್, ಇಂಗಾಲ ಅರ್ಧ ಕೆ.ಜಿ., ಅದೇನು ದೊಡ್ಡದಲ್ಲ. ಆದರೆ ಸಾವಿರ ಲೀಟರಿಗೂ ಮೇಲೆ ನೀರು ಗಟಾರ ಸೇರಿತು. ಆ ನೀರು ಭೀಮಾ ಅಥವಾ ಬೆಣ್ಣೆತೊರೆಯಿಂದ ಊರಿಗೆ ಬರಲು ಖರ್ಚಾದ ಕರೆಂಟ್ ನನ್ನ ಮೀಟರಿನಲ್ಲಿ ಕಾಣುವುದೂ ಇಲ್ಲ. ಬೀದರಿನಲ್ಲಿ ಬಹಮನಿಯವರ ಕಾಲದ ಸುರಂಗ ಬಾವಿ ನೋಡಿದಾಗೆಲ್ಲ ನನಗೆ ಆ ಸಂಜೆ ನೆನಪಾಗುತ್ತದೆ. ಐದು ನೂರು ವರ್ಷದ ಹಿಂದೆ ನೆಲದೊಳಗೆ ಬರೀ ಇಳಿಜಾರು ಕೊಟ್ಟು ನೀರು ಹರಿಸಿದರು. ಮೋಟಾರ್ ಇಲ್ಲ, ಮರೆತು ಮಲಗುವ ಪ್ರಶ್ನೆಯೂ ಇಲ್ಲ.

ಊಟದ ತಟ್ಟೆಯಲ್ಲಿ ಮಾತ್ರ ನೀವು ತಲೆ ಎತ್ತಿ ಕೂರಬಹುದು. ಹಿಂಗಾರಿ ಬಿಳಿ ಜೋಳ ಕರಿ ಮಣ್ಣು ಹಿಡಿದಿಟ್ಟುಕೊಂಡ ಹಸಿಯಲ್ಲೇ ಬೆಳೆದು ಬರುತ್ತದೆ. ತೊಗರಿ ಬಹುಪಾಲು ಮಳೆಯ ಮೇಲೇ ನಿಂತ ಬೆಳೆ. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗೊಬ್ಬರ ಮಾಡಿ ಗಿಡಕ್ಕೆ ಕೊಡುತ್ತವೆ. ಹಾಗಾಗಿ ಯೂರಿಯಾ ಕಡಿಮೆ ಸಾಕು, ಮುಂದಿನ ಬೆಳೆಗೂ ಸ್ವಲ್ಪ ಉಳಿಯುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಊರಿನ ಹೆಸರಿನ ಗುರುತು) ಮಾನ್ಯತೆ ಸಿಕ್ಕಿದ್ದು ರುಚಿಗೆ, ಈ ಗುಣಕ್ಕೂ ಕೊಡಬಹುದಿತ್ತು. ಅನ್ನದ ಕಥೆ ಬೇರೆ. ಶಹಾಪುರ, ಸುರಪುರದ ಕಡೆ ಕೃಷ್ಣಾ ಕಾಲುವೆ ಕೆಳಗೆ ನಿಂತ ನೀರಿನ ಗದ್ದೆ ನೋಡಿದ್ದೀರಲ್ಲ, ಆ ಕೆಸರಿನಿಂದ ಮೀಥೇನ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತದೆ. ಒಂದು ಕೆ.ಜಿ. ಅಕ್ಕಿಗೆ ನೀರು ಎರಡು ಮೂರು ಸಾವಿರ ಲೀಟರ್. ನಮ್ಮವ್ವ ದಿನಾ ರೊಟ್ಟಿ ಬಡಿಯುತ್ತಿದ್ದಳು, ಅನ್ನ ಹಬ್ಬಕ್ಕೆ. ನಮ್ಮ ಮನೆಯಲ್ಲೀಗ ರಾತ್ರಿ ಎಲ್ಲ ಅನ್ನವೇ, ರೊಟ್ಟಿ ಬಡಿಯಲು ತೋಳು ಯಾರಿಗಿದೆ? ರೊಟ್ಟಿ ಕೇಂದ್ರದಿಂದ ತಂದ ಖಡಕ್ ರೊಟ್ಟಿಯಾದರೂ ನಡೆಯುತ್ತದೆ. ಪುಂಡಿ ಪಲ್ಯ ಒಂದಿದ್ದರೆ ಸಾಕು.

ಇಷ್ಟೆಲ್ಲ ಹೇಳಿ ಒಂದು ಮಾತು ಮುಚ್ಚಿಡಬಾರದು. ಪ್ರತಿಯೊಬ್ಬನೂ ತನ್ನ ಇಂಗಾಲದ ಹೆಜ್ಜೆಗುರುತು ತಾನೇ ಎಣಿಸಬೇಕು ಅನ್ನುವ ಮಾತನ್ನು ಜಗತ್ತಿನ ತುಂಬ ಹಬ್ಬಿಸಿದ್ದರಲ್ಲಿ ಒಂದು ದೊಡ್ಡ ತೈಲ ಕಂಪನಿಯ ಪಾಲಿದೆ. ಬಿಪಿ ಕಂಪನಿ 2004ರಲ್ಲಿ ಇಂಥ ಎಣಿಕೆಯ ಯಂತ್ರವನ್ನು ಇಂಟರ್ನೆಟ್ಟಿನಲ್ಲಿ ಇಟ್ಟು ಜೋರಾಗಿ ಜಾಹೀರಾತು ಮಾಡಿತು. ಎಣ್ಣೆ ಮಾರುವವನೇ ಬಂದು ನಿನ್ನ ದೀಪ ಸಣ್ಣ ಮಾಡು ಅಂದ ಹಾಗೆ. ಹಾಗಾಗಿ ಎಲ್ಲ ಭಾರವನ್ನೂ ತಲೆ ಮೇಲೆ ಹೊತ್ತು ಕೊರಗುವುದು ಬೇಡ. ಸಿಟಿ ಬಸ್ಸು ಹೊತ್ತಿಗೆ ಸರಿಯಾಗಿ ಬರದಿದ್ದರೆ ನೀವು ಗಾಡಿ ತೆಗೆಯುವುದು ನಿಮ್ಮೊಬ್ಬರ ತಪ್ಪಲ್ಲ. ಬಸ್ಸು ಕೇಳುವುದೂ ಈ ಲೆಕ್ಕದ ಒಳಗೇ ಬರುತ್ತದೆ. ಆದರೆ ಎಣಿಸದೆ ಕೇಳಿದರೆ ಏನು ಕೇಳಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ ಒಂದು ತಿಂಗಳು ಮೀಟರ್ ರೀಡಿಂಗ್ ಬರೆಯಿರಿ. ರಾತ್ರಿ ಮಲಗುವಾಗ ಒಮ್ಮೆ, ಬೆಳಗ್ಗೆ ಎದ್ದಾಗ ಒಮ್ಮೆ. ಸಿಲಿಂಡರ್ ಹಚ್ಚಿದ ದಿನ, ಪೆಟ್ರೋಲ್ ಹಾಕಿಸಿದ ದಿನ ಒಂದು ಗುರುತು. ನಮ್ಮ ಮನೆಯಲ್ಲಿ ಹೀಗೆ ಬರೆದಾಗಲೇ ಟಿವಿ ಬಂದ್ ಮಾಡಿದ ಮೇಲೂ ಸೆಟ್‌ಟಾಪ್ ಬಾಕ್ಸ್ ಹಗಲೂ ರಾತ್ರಿ ಕರೆಂಟ್ ತಿನ್ನುತ್ತಿದ್ದದ್ದು ಸಿಕ್ಕಿಬಿದ್ದದ್ದು. ಮತ್ತೆ ನಿಮ್ಮ ಮನೆಗೆ ಎಷ್ಟು ಚೀಲ ಸಿಮೆಂಟ್ ಹಿಡಿಯಿತು ಅಂತ ಯಜಮಾನರನ್ನು ಕೇಳಿ ನೋಡಿ. ಮದುವೆ ತಾರೀಖು ಮರೆತಿರಬಹುದು, ಅದನ್ನು ಮರೆತಿರುವುದಿಲ್ಲ.