ಚಿನ್ನದ ನ್ಯಾನೊಕಣಗಳು: ಮೇಲ್ಮೈ ಹೊದಿಕೆಯ ಕಡೆಯಿಂದ ಒಂದು ಅಧ್ಯಯನ ಟಿಪ್ಪಣಿ

ಚಿನ್ನ, ಬೆಳ್ಳಿ, ಪ್ಲಾಟಿನಂನಂಥ ಶ್ರೇಷ್ಠ ಲೋಹಗಳ ನ್ಯಾನೊಕಣಗಳನ್ನು, ಅಂದರೆ ಕೆಲವೇ ನ್ಯಾನೊಮೀಟರಿನಿಂದ (ಮೀಟರಿನ ನೂರು ಕೋಟಿಯ ಒಂದು ಭಾಗ) ನೂರರವರೆಗಿನ ಗಾತ್ರದ ಕಣಗಳನ್ನು, ಓದುವಾಗ ವಿದ್ಯಾರ್ಥಿಗಳ ಗಮನವೆಲ್ಲ ಸಾಮಾನ್ಯವಾಗಿ ಕಣದ ಗಾತ್ರದ ಮೇಲೆ ನೆಟ್ಟಿರುತ್ತದೆ. ಗಾತ್ರ ಮುಖ್ಯವೇ ಸರಿ. ಆದರೆ ಒಂದೇ ಗಾತ್ರದ ಎರಡು ಚಿನ್ನದ ಕಣಗಳಲ್ಲಿ ಒಂದು ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸಿ ಇನ್ನೊಂದು ಸುಮ್ಮನಿರುವುದೇಕೆ, ಒಂದು ಉಪ್ಪುನೀರಿನಲ್ಲಿ ಸ್ಥಿರವಾಗಿ ಉಳಿದು ಇನ್ನೊಂದು ಕ್ಷಣದಲ್ಲಿ ಗುಂಪುಗೂಡುವುದೇಕೆ ಎಂದು ಕೇಳಿದರೆ, ಉತ್ತರವು ಕಣದ ಮೇಲ್ಮೈಗೆ ಅಂಟಿಕೊಂಡಿರುವ ಅಣುಗಳಲ್ಲಿ ಸಿಗುತ್ತದೆ. ಈ ಟಿಪ್ಪಣಿಯಲ್ಲಿ ಚಿನ್ನವನ್ನೇ ಮುಖ್ಯ ಉದಾಹರಣೆಯಾಗಿಟ್ಟುಕೊಂಡು ವಿಷಯವನ್ನು ಆ ಕಡೆಯಿಂದ ನೋಡಲಾಗಿದೆ.

ಮೊದಲು ಬಣ್ಣದ ವಿಚಾರ. ಮೈಕೆಲ್ ಫ್ಯಾರಡೆ 1857ರಲ್ಲಿ ಚಿನ್ನದ ಲವಣದ ದ್ರಾವಣವನ್ನು ರಂಜಕದಿಂದ ಅಪಕರ್ಷಿಸಿ (ಅಂದರೆ ಚಿನ್ನದ ಅಯಾನುಗಳಿಗೆ ಇಲೆಕ್ಟ್ರಾನು ಕೊಟ್ಟು ಲೋಹವಾಗಿಸಿ) ಮಾಣಿಕ್ಯದ ಬಣ್ಣದ ದ್ರವವನ್ನು ಪಡೆದರು. ಆ ಬಣ್ಣಕ್ಕೆ ಕಾರಣ ದ್ರವದಲ್ಲಿ ಹರಡಿರುವ ಅತಿ ಸೂಕ್ಷ್ಮ ಚಿನ್ನವೇ ಎಂದು ಅವರು ಸರಿಯಾಗಿ ಊಹಿಸಿದ್ದರು. ಅವರ ಕೆಲವು ಮಾದರಿಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಉಳಿದಿವೆ. ಗೋಳಾಕಾರದ ಕಣವೊಂದು ಬೆಳಕನ್ನು ಎಷ್ಟು ಹೀರುತ್ತದೆ, ಎಷ್ಟು ಚದುರಿಸುತ್ತದೆ ಎಂಬುದನ್ನು ಮ್ಯಾಕ್ಸ್‌ವೆಲ್ ಸಮೀಕರಣಗಳಿಂದ ಲೆಕ್ಕ ಹಾಕಿ ತೋರಿಸಿದವರು ಗುಸ್ತಾವ್ ಮೀ, 1908ರಲ್ಲಿ. ಲೋಹದೊಳಗಿನ ಮುಕ್ತ ಇಲೆಕ್ಟ್ರಾನುಗಳು ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ಅನುಗುಣವಾಗಿ ಒಟ್ಟಾಗಿ ಆಂದೋಲಿಸುವ ಈ ವಿದ್ಯಮಾನವನ್ನು ಮೇಲ್ಮೈ ಪ್ಲಾಸ್ಮಾನ್ ಅನುರಣನ ಎನ್ನುತ್ತೇವೆ. ಹತ್ತು ಇಪ್ಪತ್ತು ನ್ಯಾನೊಮೀಟರ್ ವ್ಯಾಸದ ಚಿನ್ನದ ಗೋಳಗಳಲ್ಲಿ ಇದು ಸುಮಾರು 520 ನ್ಯಾನೊಮೀಟರ್ ತರಂಗದೂರದಲ್ಲಿ ನಡೆಯುವುದರಿಂದ ಹಸಿರು ಬೆಳಕು ಹೀರಲ್ಪಟ್ಟು ದ್ರವ ಕೆಂಪಾಗಿ ಕಾಣುತ್ತದೆ. ಬೆಳ್ಳಿಯಲ್ಲಿ ಅದು 400ರ ಆಸುಪಾಸಿನಲ್ಲಿರುವುದರಿಂದ ದ್ರವ ಹಳದಿ. ಎರಡು ಕಣಗಳು ತಮ್ಮ ವ್ಯಾಸಕ್ಕಿಂತ ಕಡಿಮೆ ಅಂತರಕ್ಕೆ ಬಂದಾಗ ಅವುಗಳ ಆಂದೋಲನಗಳು ಪರಸ್ಪರ ಬೆಸೆದುಕೊಂಡು ಅನುರಣನವು ದೀರ್ಘ ತರಂಗದೂರದತ್ತ ಸರಿಯುತ್ತದೆ. ಆಗ ಕೆಂಪು ದ್ರವ ನೇರಳೆಗೆ, ಬಳಿಕ ನೀಲಿಗೆ ತಿರುಗುತ್ತದೆ. ಸಂವೇದನೆಯ ಭಾಗಕ್ಕೆ ಬಂದಾಗ ಈ ಮಾತು ಮತ್ತೆ ಬೇಕಾಗುತ್ತದೆ.

ತಯಾರಿಕೆಯ ಪರಿಚಿತ ವಿಧಾನ 1951ರಲ್ಲಿ ಟರ್ಕೆವಿಚ್ ಮತ್ತು ಸಹೋದ್ಯೋಗಿಗಳು ವಿವರಿಸಿದ್ದು. ಕುದಿಯುತ್ತಿರುವ ಕ್ಲೋರೋಆರಿಕ್ ಆಮ್ಲದ ತೆಳು ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಸುರಿದರೆ ತಿಳಿಹಳದಿ ಬಣ್ಣ ಮಾಯವಾಗಿ, ಕಪ್ಪುಛಾಯೆಯ ನೇರಳೆ ಬಂದು, ಕೆಲವು ನಿಮಿಷಗಳಲ್ಲಿ ದ್ರಾಕ್ಷಾರಸದ ಕೆಂಪು ನೆಲೆಗೊಳ್ಳುತ್ತದೆ. ಸಿಟ್ರೇಟ್ ಇಲ್ಲಿ ಎರಡು ಕೆಲಸ ಮಾಡುತ್ತದೆ: ಚಿನ್ನದ ಅಯಾನನ್ನು ಅಪಕರ್ಷಿಸುತ್ತದೆ, ಹಾಗೂ ಹುಟ್ಟಿದ ಕಣದ ಮೇಲೆ ಸಡಿಲವಾಗಿ ಕುಳಿತು ಅದಕ್ಕೆ ಋಣ ಆವೇಶ ಕೊಡುತ್ತದೆ. ಕಣಗಳು ಒಂದನ್ನೊಂದು ದೂರ ತಳ್ಳುವುದು ಈ ಆವೇಶದಿಂದಲೇ. ಗಾಜಿನ ಪಾತ್ರೆಗಳನ್ನು ಚಿನ್ನವನ್ನು ಕರಗಿಸಬಲ್ಲ ಆಮ್ಲಮಿಶ್ರಣವಾದ ಆಕ್ವಾ ರೀಜಿಯಾದಿಂದ ತೊಳೆಯಬೇಕೆಂಬ ಸೂಚನೆಯನ್ನು ಹಲವರು ಔಪಚಾರಿಕವೆಂದು ಭಾವಿಸುತ್ತಾರೆ; ಗೋಡೆಗೆ ಅಂಟಿದ ಹಳೆಯ ಚಿನ್ನವು ಹೊಸ ಕಣಗಳಿಗೆ ಬೀಜವಾಗಿ ಗಾತ್ರವನ್ನು ಕೆಡಿಸುತ್ತದೆ ಎಂಬುದು ಅದರ ಹಿಂದಿನ ಕಾರಣ.

ಇಲ್ಲೊಂದು ಲೆಕ್ಕವನ್ನು ಕೈಯಾರೆ ಮಾಡಿ ನೋಡುವುದು ಒಳ್ಳೆಯದು. 1 ಮಿಲಿಮೋಲಾರ್ ಚಿನ್ನದ ದ್ರಾವಣ 500 ಮಿಲಿಲೀಟರ್, 38.8 ಮಿಲಿಮೋಲಾರ್ ಸಿಟ್ರೇಟ್ 50 ಮಿಲಿಲೀಟರ್ ತೆಗೆದುಕೊಂಡರೆ ಸುಮಾರು 13 ನ್ಯಾನೊಮೀಟರ್ ವ್ಯಾಸದ ಕಣಗಳು ದೊರೆಯುತ್ತವೆ. ಅಂಥ ಒಂದು ಕಣದ ಗಾತ್ರಫಲ ಸುಮಾರು 1150 ಘನ ನ್ಯಾನೊಮೀಟರ್; ಪ್ರತಿ ಘನ ನ್ಯಾನೊಮೀಟರಿನಲ್ಲಿ 59 ಚಿನ್ನದ ಪರಮಾಣುಗಳಿರುವುದರಿಂದ ಒಂದು ಕಣದಲ್ಲಿ ಸುಮಾರು 68,000 ಪರಮಾಣುಗಳಿವೆ. ಎರಡು ದ್ರಾವಣಗಳು ಬೆರೆತು 550 ಮಿಲಿಲೀಟರ್ ಆದಾಗಿನ ಒಟ್ಟು ಚಿನ್ನದ ಸಾರತೆ 0.91 ಮಿಲಿಮೋಲಾರನ್ನು ಈ ಪರಮಾಣುಗಳ ಸಂಖ್ಯೆಯಿಂದ ಭಾಗಿಸಿದರೆ ಕಣಗಳ ಸಾರತೆ ಕೇವಲ 13 ನ್ಯಾನೊಮೋಲಾರ್ ಎಂದು ತಿಳಿಯುತ್ತದೆ. ಇಷ್ಟು ಕಡಿಮೆ ಸಾರತೆಯಲ್ಲೂ ಬಣ್ಣ ಗಾಢವಾಗಿರಲು ಕಾರಣ, ಈ ಕಣಗಳ ಮೋಲಾರ್ ಹೀರಿಕೆಯ ಗುಣಾಂಕ (ಒಂದೇ ಸಾರತೆಯಲ್ಲಿ ವಸ್ತು ಎಷ್ಟು ಬೆಳಕು ಹೀರುತ್ತದೆಂಬ ಅಳತೆ) ಸುಮಾರು 2.7 × 10⁸ ಇರುವುದು. ಸಾಧಾರಣ ವರ್ಣದ್ರವ್ಯಗಳಲ್ಲಿ ಅದು 10⁵ರ ಮಟ್ಟದಲ್ಲಿರುತ್ತದೆ. ಪರೀಕ್ಷೆಯಲ್ಲಿ ಈ ಒಂದು ಹೋಲಿಕೆಯನ್ನು ಬರೆದರೆ ಅರ್ಧ ಪುಟದ ವರ್ಣನೆ ಉಳಿಯುತ್ತದೆ.

ವೇಗವರ್ಧನೆಗೆ ಬರೋಣ. ಘನ ಚಿನ್ನ ಆಮ್ಲಜನಕದೊಡನೆ ವರ್ತಿಸುವುದಿಲ್ಲವಾದ್ದರಿಂದ ಅದನ್ನು ನಿರುಪಯುಕ್ತ ವೇಗವರ್ಧಕವೆಂದೇ ಬಹುಕಾಲ ಎಣಿಸಲಾಗಿತ್ತು. ಜಪಾನಿನ ಮಸಾತಾಕೆ ಹರುತಾ ಅವರ ತಂಡ 1987ರಲ್ಲಿ, ಕಬ್ಬಿಣದ ಆಕ್ಸೈಡಿನಂತಹ ಆಧಾರದ ಮೇಲೆ ಹರಡಿದ ಚಿನ್ನದ ಅತಿಸಣ್ಣ ಕಣಗಳು ಸೊನ್ನೆಗಿಂತ 70 ಡಿಗ್ರಿ ಸೆಲ್ಸಿಯಸ್ ಕೆಳಗೂ ಕಾರ್ಬನ್ ಮಾನಾಕ್ಸೈಡನ್ನು ಉತ್ಕರ್ಷಿಸಬಲ್ಲವೆಂದು ತೋರಿಸಿತು. 3 ನ್ಯಾನೊಮೀಟರ್ ಕಣದಲ್ಲಿರುವ ಸುಮಾರು 830 ಪರಮಾಣುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮೇಲ್ಮೈಯಲ್ಲಿಯೇ ಇರುತ್ತವೆ ಎಂಬುದು ಒಂದು ಕಾರಣ. ಚಿನ್ನ ಮತ್ತು ಆಕ್ಸೈಡ್ ಸೇರುವ ಅಂಚಿನಲ್ಲಿ ಆಮ್ಲಜನಕ ಸಕ್ರಿಯಗೊಳ್ಳುತ್ತದೆ ಎಂಬುದು ಇನ್ನೊಂದು. ಹೊದಿಕೆಯ ಪ್ರಶ್ನೆ ಇಲ್ಲಿ ತೀವ್ರವಾಗುತ್ತದೆ. 1994ರ ಬ್ರಸ್ಟ್ ಮತ್ತು ಶಿಫ್ರಿನ್ ವಿಧಾನದಂತೆ ಗಂಧಕವಿರುವ ಥಯೋಲ್ ಅಣುಗಳಿಂದ ಬಿಗಿಯಾಗಿ ಮುಚ್ಚಿದ ಕಣಗಳು ವರ್ಷಗಟ್ಟಲೆ ಕೆಡದೆ ಇರಬಹುದು, ಆದರೆ ಕ್ರಿಯಾಕಾರಿಗಳಿಗೆ ಮೇಲ್ಮೈ ಸಿಗುವುದಿಲ್ಲ. ಹೊದಿಕೆಯನ್ನು ಬಿಸಿಮಾಡಿ ಸುಟ್ಟರೆ ಕಣಗಳು ಚಲಿಸಿ, ಕೂಡಿಕೊಂಡು, ದೊಡ್ಡದಾಗಿ ಚಟುವಟಿಕೆ ಕಳೆದುಕೊಳ್ಳುತ್ತವೆ. ವಾಹನಗಳ ಹೊಗೆಯನ್ನು ಶುದ್ಧೀಕರಿಸುವ ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಕಣಗಳಿಗೂ ಕಾಲಕ್ರಮದಲ್ಲಿ ಇದೇ ಗತಿ.

ಪ್ರಯೋಗಾಲಯದಲ್ಲಿ ಕಣಗಳ ವೇಗವರ್ಧನೆಯನ್ನು ಕಣ್ಣಾರೆ ಕಾಣಲು 4-ನೈಟ್ರೋಫಿನಾಲ್ ಪ್ರಯೋಗ ಸಾಕು. ಅಪಕರ್ಷಕವಾದ ಸೋಡಿಯಂ ಬೋರೋಹೈಡ್ರೈಡ್ ಬೆರೆತ ಅದರ ಹಳದಿ ದ್ರಾವಣ ಕಣಗಳಿಲ್ಲದೆ ಹಾಗೆಯೇ ಉಳಿಯುತ್ತದೆ. ಕಣಗಳನ್ನು ಸೇರಿಸಿದಾಗ ಬೆಳಕಿನ ಹೀರಿಕೆಯ ನಕ್ಷೆಯಲ್ಲಿ 400 ನ್ಯಾನೊಮೀಟರಿನ ಶಿಖರ ಇಳಿದು, ಉತ್ಪನ್ನವಾದ ಅಮೈನೋಫಿನಾಲಿನ ಶಿಖರ 300ರ ಬಳಿ ಏಳುತ್ತದೆ. ಬೋರೋಹೈಡ್ರೈಡ್ ಬಹಳ ಹೆಚ್ಚಿರುವುದರಿಂದ ಹೀರಿಕೆಯ ಲಾಗರಿದಮ್ ಮತ್ತು ಕಾಲದ ನಕ್ಷೆ ಸರಳರೇಖೆಯಾಗುತ್ತದೆ, ಅದರ ಇಳಿಜಾರಿನಿಂದ ವೇಗ ಸ್ಥಿರಾಂಕ ಸಿಗುತ್ತದೆ. ಆರಂಭದಲ್ಲಿ ಕೆಲಕಾಲ ಏನೂ ನಡೆಯದಂತೆ ಕಂಡರೆ ಆ ಬಿಂದುಗಳನ್ನು ಸರಳರೇಖೆಗೆ ಸೇರಿಸಬಾರದು.

ವೈದ್ಯಕೀಯದಲ್ಲಿ ಬೇಡಿಕೆ ತಿರುವುಮುರುವಾಗುತ್ತದೆ. ಮೇಲ್ಮೈ ಪೂರ್ತಿ ಮುಚ್ಚಿರಬೇಕು. ರಕ್ತಕ್ಕೆ ಸೇರಿದ ಕ್ಷಣದಿಂದ ಪ್ರೋಟೀನುಗಳು ಕಣಕ್ಕೆ ಅಂಟಿಕೊಳ್ಳತೊಡಗುತ್ತವೆ, ಆಮೇಲೆ ಯಕೃತ್ತು ಮತ್ತು ಗುಲ್ಮದ ಭಕ್ಷಕ ಕೋಶಗಳು ಅವನ್ನು ಹಿಡಿದುಹಾಕುತ್ತವೆ. ಸುಮಾರು 6 ನ್ಯಾನೊಮೀಟರಿಗಿಂತ ಚಿಕ್ಕ ಕಣಗಳು ಮಾತ್ರ ಮೂತ್ರಪಿಂಡದ ಮೂಲಕ ಹೊರಹೋಗಬಲ್ಲವು. ಪ್ರೋಟೀನುಗಳನ್ನು ದೂರವಿಡಲು ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿಗಳನ್ನು ಗಂಧಕದ ಬಂಧದಿಂದ ಚಿನ್ನಕ್ಕೆ ಕಟ್ಟುತ್ತಾರೆ. ಬೆಳಕಿನಿಂದ ಗಡ್ಡೆಯನ್ನು ಬಿಸಿಮಾಡಿ ಕೊಲ್ಲುವ ಚಿಕಿತ್ಸೆಗೆ ಗೋಳಗಳು ಒಗ್ಗುವುದಿಲ್ಲ, ಏಕೆಂದರೆ 520ರ ಹತ್ತಿರ ರಕ್ತವೂ ಬೆಳಕನ್ನು ಹೀರುತ್ತದೆ. ಅಂಗಾಂಶ ಹೆಚ್ಚು ಪಾರದರ್ಶಕವಾಗಿರುವ 650ರಿಂದ 900ರ ವ್ಯಾಪ್ತಿಗೆ ಅನುರಣನವನ್ನು ಸರಿಸಲು ಚಿನ್ನದ ಕಡ್ಡಿಗಳನ್ನೋ, ಸಿಲಿಕಾದ ಮೇಲೆ ಚಿನ್ನದ ಚಿಪ್ಪನ್ನೋ ಬಳಸಬೇಕು. ಅಂಥ ಚಿಪ್ಪುಗಳನ್ನು ಪ್ರಾಸ್ಟೇಟ್ ಕ್ಯಾನ್ಸರಿನ 16 ರೋಗಿಗಳಲ್ಲಿ ಪರೀಕ್ಷಿಸಿದ ಆರಂಭಿಕ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕಡ್ಡಿಗಳಿಗೆ ಬೇರೊಂದು ತೊಡಕಿದೆ: ಅವುಗಳನ್ನು ಬೆಳೆಸಲು ಬೇಕಾದ ಸಿಟಿಎಬಿ ಎಂಬ ಮಾರ್ಜಕ ಕೋಶಗಳಿಗೆ ವಿಷ, ಅದನ್ನು ತೆಗೆದು ಬೇರೆ ಹೊದಿಕೆ ಹೊದಿಸದೆ ದೇಹದತ್ತ ಒಯ್ಯುವಂತಿಲ್ಲ. ಇಂಥ ಕಣಗಳು "ವಿಷಕಾರಿ" ಎಂಬ ವರದಿ ಓದಿದಾಗ ಚಿನ್ನವೇ ವಿಷವೋ, ಅದರ ಹೊದಿಕೆಯೋ ಎಂದು ಮೊದಲು ಕೇಳಬೇಕು. ಬೆಳ್ಳಿಯ ಮಾತು ಬೇರೆ. ಅದು ಕ್ರಮೇಣ ಅಯಾನುಗಳನ್ನು ಬಿಡುತ್ತದೆ, ಗಾಯದ ಪಟ್ಟಿಗಳಲ್ಲಿ ಸೂಕ್ಷ್ಮಾಣುಗಳನ್ನು ಕೊಲ್ಲುವುದೂ ಬಹುಪಾಲು ಆ ಅಯಾನುಗಳೇ.

ಸಂವೇದನೆಯಲ್ಲಿ ಎರಡು ಬಗೆಗಳನ್ನು ಬೇರೆಬೇರೆಯಾಗಿ ಅರ್ಥಮಾಡಿಕೊಳ್ಳಬೇಕು. ಗರ್ಭಧಾರಣೆಯ ಪರೀಕ್ಷಾಪಟ್ಟಿ ಮತ್ತು ಹಲವು ಕೋವಿಡ್ ಕಿಟ್‌ಗಳಲ್ಲಿ ಕಾಣುವ ಕೆಂಪು ಗೆರೆ, ಪ್ರತಿಕಾಯಗಳನ್ನು ಹೊತ್ತ ಚಿನ್ನದ ಕಣಗಳು ಒಂದೆಡೆ ಸೆರೆಸಿಕ್ಕಿದ್ದರ ಗುರುತು. ಅಲ್ಲಿ ಕಣಗಳು ಹರಿಯುವಾಗ ಗುಂಪುಗೂಡಲೇಬಾರದು. ಇನ್ನೊಂದು ಬಗೆಯಲ್ಲಿ ಗುಂಪುಗೂಡುವುದೇ ಸಂಕೇತ. ಅಮೆರಿಕದ ರಸಾಯನಶಾಸ್ತ್ರಜ್ಞ ಚಾಡ್ ಮಿರ್ಕಿನ್ ಅವರ ತಂಡ 1996ರಲ್ಲಿ ಡಿಎನ್ಎ ಎಳೆಗಳನ್ನು ಕಟ್ಟಿದ 13 ನ್ಯಾನೊಮೀಟರ್ ಕಣಗಳು ಹೊಂದುವ ಎಳೆ ಸಿಕ್ಕಾಗ ಒಂದಕ್ಕೊಂದು ಬೆಸೆದು ಬಣ್ಣ ಬದಲಿಸುವುದನ್ನು ತೋರಿಸಿತು. ನಮ್ಮ ಓದುಗರಿಗೆ ಹತ್ತಿರದ ಉದಾಹರಣೆಯೂ ಇದೆ: ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳಲ್ಲಿ ಸಿಂಪಡಿಸಲಾಗಿದ್ದ ಎಂಡೋಸಲ್ಫಾನ್ ಕೀಟನಾಶಕವನ್ನು ಚಿನ್ನದ ಕಣಗಳ ಬಣ್ಣ ಬದಲಾವಣೆಯಿಂದ ಗುರುತಿಸಬಹುದೆಂದು ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ 2003ರಲ್ಲಿ ವರದಿ ಮಾಡಿತು.

ಈ ಎರಡನೆಯ ಬಗೆಗೆ ಬೇಕಾದ ಹೊದಿಕೆ ಅರೆಸ್ಥಿರವಾದದ್ದು, ಅದರ ದೌರ್ಬಲ್ಯವೂ ಅಲ್ಲಿಯೇ. ಸಿಟ್ರೇಟ್ ಕಣಗಳ ನಡುವಿನ ವಿಕರ್ಷಣೆ 1 ಮಿಲಿಮೋಲಾರ್ ಉಪ್ಪಿನಲ್ಲಿ ಸುಮಾರು 10 ನ್ಯಾನೊಮೀಟರ್ ದೂರದವರೆಗೆ ಚಾಚುತ್ತದೆ, 100 ಮಿಲಿಮೋಲಾರ್ ಉಪ್ಪಿನಲ್ಲಿ ಅದು ಸುಮಾರು 1 ನ್ಯಾನೊಮೀಟರಿಗೆ ಕುಗ್ಗುತ್ತದೆ. ಹಾಗಾಗಿ ಲವಣಾಂಶ ಹೆಚ್ಚಿರುವ ಬಾವಿನೀರನ್ನು ನೇರವಾಗಿ ಬೆರೆಸಿದರೆ, ಹುಡುಕುತ್ತಿರುವ ವಸ್ತು ಇಲ್ಲದಿದ್ದರೂ ದ್ರವ ನೀಲಿಯಾಗಬಹುದು. ಬಣ್ಣ ಬದಲಾವಣೆಯನ್ನು ಆಧರಿಸಿದ ಯಾವುದೇ ಪತ್ತೆ ವಿಧಾನವನ್ನು ಓದುವಾಗ, ಅಷ್ಟೇ ಉಪ್ಪಿದ್ದು ಪತ್ತೆಯ ವಸ್ತುವಿಲ್ಲದ ನಿಯಂತ್ರಣ ಮಾದರಿಯನ್ನು ಅಲ್ಲಿ ಇಟ್ಟಿದ್ದರೇ ಎಂದು ನೋಡಬೇಕು.