ಪ್ಲಗ್ ತೂತಿಗೆ ಚೂರು ಬಿದ್ದರೆ ಸೆಲ್ಫ್ ಹೊಡೆಯಬೇಡಿ

ಸ್ಪಾರ್ಕ್ ಪ್ಲಗ್ ಬಿಚ್ಚುವಾಗ ಪಿಂಗಾಣಿ ಮುರಿದು ಚೂರು ಎಂಜಿನ್ ಒಳಗೆ ಹೋಯಿತು ಅನ್ನಿ. "ಒಂದು ಸಲ ಸೆಲ್ಫ್ ಹೊಡಿ, ಗಾಳಿಗೆ ತಾನೇ ಹಾರಿ ಬರುತ್ತೆ" ಎನ್ನುವವರು ತುಮಕೂರಿನ ರಿಂಗ್ ರೋಡಿನಿಂದ ಕೋಲಾರದ ಎಪಿಎಂಸಿ ಗೇಟಿನವರೆಗೆ ಎಲ್ಲೆಡೆ ಸಿಗುತ್ತಾರೆ. ಒಮ್ಮೊಮ್ಮೆ ಹಾರಿಯೂ ಬರುತ್ತದೆ. ಆ ಧೈರ್ಯವೇ ಮುಂದಿನ ಗಾಡಿಯ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚಿಸುವುದು. ಪ್ಲಗ್ಗಿನ ಪಿಂಗಾಣಿ ಅಲ್ಯೂಮಿನಾ, ಸಿಲಿಂಡರಿನ ಒಳಗೋಡೆಯಾದ ಎರಕದ ಕಬ್ಬಿಣದ ಲೈನರಿಗಿಂತ ಬಹಳ ಗಟ್ಟಿ. ಪಿಸ್ಟನ್ ಮೇಲೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ಉಳಿಯುವ ಜಾಗ ಸುಮಾರು 1 ಮಿ.ಮೀ. ಚೂರು ಅಲ್ಲಿ ಸಿಕ್ಕಿದರೆ ಪಿಸ್ಟನ್ ಗಾಯವಾಗುತ್ತದೆ, ವಾಲ್ವ್ ಮುಚ್ಚಿ ಕೂರುವ ಸೀಟಿನಲ್ಲಿ ಸಿಕ್ಕಿದರೆ ಒತ್ತಡ ಸೋರಿ ಕಂಪ್ರೆಷನ್ ಹೋಗುತ್ತದೆ.

ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದಿಟ್ಟು ಮೊದಲು ಒಂದು ವಿಷಯ ನೋಡಿ: ಪ್ಲಗ್ಗಿನ ಥ್ರೆಡ್ ಭಾಗ ಇನ್ನೂ ಹೆಡ್ಡಿನಲ್ಲೇ ಕೂತಿದೆಯೇ? ಕೂತಿದ್ದರೆ ತೂತು ಮುಚ್ಚಿಯೇ ಇದೆ, ಚೂರುಗಳೆಲ್ಲ ಮೇಲೆ ಪ್ಲಗ್ ಇಳಿಯುವ ಗುಂಡಿಯಲ್ಲಿ, ಅಂದರೆ ಬಾವಿಯಲ್ಲಿವೆ. ಆ ಲೋಹದ ಭಾಗವನ್ನು ತಿರುಗಿಸುವ ಮುಂಚೆಯೇ ಬಾವಿಯನ್ನು ಚೊಕ್ಕ ಮಾಡಬೇಕು. ಅವಸರಕ್ಕೆ ಬಿಚ್ಚಿದರೆ ಹೊರಗಿದ್ದ ಚೂರನ್ನು ನಾವೇ ಸಿಲಿಂಡರಿಗೆ ಸುರಿದಂತೆ. ಸಿಕ್ಕಿದ್ದನ್ನೆಲ್ಲ ಬಿಳಿ ಹಾಳೆಯ ಮೇಲೆ, ಹೊಸ ಪ್ಲಗ್ಗಿನ ಪಕ್ಕದಲ್ಲಿ ಜೋಡಿಸಿ. ಒಡೆದ ಬಳೆ ಕೂಡಿಸಿದ ಹಾಗೆ ಅಂಚಿಗೆ ಅಂಚು ಕೂತರೆ ನಿಶ್ಚಿಂತೆ. ಎಲ್ಲೋ ಅಕ್ಕಿಕಾಳಷ್ಟು ಕಿಂಡಿ ಉಳಿದರೆ ಅದು ಒಳಗಿದೆ ಎಂದೇ ಲೆಕ್ಕ.

ಇನ್ನು ಹುಡುಕಾಟ. ಫೋನಿಗೆ ಹಚ್ಚುವ 5.5 ಮಿ.ಮೀ. ಕ್ಯಾಮೆರಾ ಪ್ಲಗ್ ತೂತಿನಲ್ಲಿ ಸಲೀಸಾಗಿ ಇಳಿಯುತ್ತದೆ. ಆ ಸಿಲಿಂಡರಿನ ಎರಡೂ ಬದಿಯ ವಾಲ್ವ್ ಮುಚ್ಚಿವೆಯೇ ಎಂಬುದನ್ನು ಮೊದಲು ನೋಡಿ. ತೆರೆದಿದ್ದರೆ ಚೂರು ವಾಲ್ವಿನ ಹಿಂದಿನ ಗಾಳಿ-ಹೊಗೆಯ ದಾರಿಗೆ (ಪೋರ್ಟಿಗೆ) ಜಾರಿರಬಹುದು. ಕಬ್ಬಿಣದ ಚೂರಾದರೆ ಆಂಟೆನಾದಂತೆ ಉದ್ದವಾಗುವ ಮ್ಯಾಗ್ನೆಟ್ ಸಾಕು, ಆದರೆ ಅದು ದಾರಿಯಲ್ಲಿ ಸಿಕ್ಕಿದ ಉಕ್ಕಿಗೆಲ್ಲ ಅಂಟಿಕೊಳ್ಳುತ್ತದೆ. ಎಳನೀರಿನ ಸ್ಟ್ರಾ ತೊಡಿಸಿ ತುದಿ ಮಾತ್ರ ಹೊರಗೆ ಬಿಡಿ. ಪಿಂಗಾಣಿ, ಅಲ್ಯೂಮಿನಿಯಂ, ಹಿತ್ತಾಳೆ ಮ್ಯಾಗ್ನೆಟ್ಟಿಗೆ ಬರುವುದಿಲ್ಲ. ಕಡ್ಡಿಯ ತುದಿಗೆ ಗಟ್ಟಿ ಗ್ರೀಸ್ ಹಚ್ಚಿ ಒತ್ತಿ ತೆಗೆಯಬೇಕು, ಇಲ್ಲವೇ 6–8 ಮಿ.ಮೀ. ಪೈಪಿನಿಂದ ಹೀರಬೇಕು. ಪೆಟ್ರೋಲ್ ಆವಿ ಇರುವಾಗ ಮನೆಯ ವ್ಯಾಕ್ಯೂಮ್ ಹಚ್ಚಿದರೆ ಬೆಂಕಿಯ ಅಪಾಯ. ತೂತು ತೆರೆದಿಟ್ಟು ಆವಿ ಪೂರ್ತಿ ಆರಲು ಬಿಡಿ.

ಹೆಡ್ಡಿನ ಮೇಲೆ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಕೆಲಸ ಮಾಡುವಾಗ ಬೀಳುವ ವಾಲ್ವ್ ಲಾಕಿನ, ಅಂದರೆ ವಾಲ್ವ್ ಸ್ಪ್ರಿಂಗನ್ನು ಹಿಡಿದಿಡುವ ಸಣ್ಣ ತುಂಡಿನ ಕಥೆಯೇ ಬೇರೆ. ಆಯಿಲ್ ಇಳಿಯುವ ತೂತಿನಿಂದ ಎಂಜಿನ್ ತಳದ ಆಯಿಲ್ ಚೇಂಬರಿಗೆ ಹೋದರೆ ಆಯಿಲ್ ಇಳಿಸಿ ಜರಡಿ ಹಿಡಿದರೆ ಸಿಗಬಹುದು, ಇಲ್ಲದಿದ್ದರೆ ಚೇಂಬರ್ ಬಿಚ್ಚುವುದು. ಟೈಮಿಂಗ್ ಚೈನ್ ಕಡೆ ಜಾರಿದ್ದರೆ ಮಾತ್ರ ತಮಾಷೆಯಲ್ಲ: ಚೈನಿಗೂ ಹಲ್ಲುಚಕ್ರಕ್ಕೂ ನಡುವೆ ಸಿಕ್ಕಿ ಟೈಮಿಂಗ್ (ಪಿಸ್ಟನ್-ವಾಲ್ವ್‌ಗಳ ಹೊಂದಾಣಿಕೆ) ಹಾರಿದರೆ ವಾಲ್ವ್‌ಗಳು ಬಾಗುತ್ತವೆ. ಕೆಲಸಕ್ಕೆ ಮೊದಲೇ ಆ ತೂತುಗಳಿಗೆ ಬಟ್ಟೆ ತುರುಕಿ, ಎಷ್ಟು ತುಂಡು ತುರುಕಿದಿರಿ ಎಂದು ಎಣಿಸಿಡಿ.

ಕೋಲಾರ, ಚಿಂತಾಮಣಿ ಕಡೆಯ ಟೊಮ್ಯಾಟೊ ಸಾಗಿಸುವ ಡೀಸೆಲ್ ಪಿಕಪ್‌ಗಳಲ್ಲಿ ಕಾಟ ಕೊಡುವುದು ಗ್ಲೋ ಪ್ಲಗ್, ಅಂದರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಒಳಗೆ ಬಿಸಿ ಕೊಡುವ ಕಡ್ಡಿ. ಇಲ್ಲಿನ ಬಿಸಿಲಿಗೆ ಅದು ಕೆಟ್ಟರೂ ಗಾಡಿ ಸ್ಟಾರ್ಟ್ ಆಗುತ್ತದೆ, ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ, ಕಾರ್ಬನ್ ಹಿಡಿದು ಬಿಗಿಯುತ್ತದೆ. ಎಂಜಿನ್ ಬಿಸಿಯಿದ್ದಾಗ ಬಿಚ್ಚಿ; ಎಂ10 (10 ಮಿ.ಮೀ. ಥ್ರೆಡ್ಡಿನ) ಪ್ಲಗ್ಗಿಗೆ 35 ನ್ಯೂಟನ್ ಮೀಟರ್ ಮೀರಿ ತಿರುಚುವ ಬಲ ಹಾಕಬೇಡಿ. ತಿರುಗದಿದ್ದರೆ ತುಕ್ಕು ಬಿಡಿಸುವ ಆಯಿಲ್ ಬಿಟ್ಟು ರಾತ್ರಿಯಿಡೀ ನೆನೆಸಿ. ತುದಿ ಮುರಿದು ಒಳಗೆ ಬಿದ್ದರೆ ಆ ಸಣ್ಣ ತೂತಿನಿಂದ ವಾಪಸ್ ಬರುವುದು ಅಪರೂಪ, ಹೆಡ್ ಬಿಚ್ಚುವ ಖರ್ಚಿಗೆ ತಯಾರಾಗಿ.

ಚೂರು ಸಿಕ್ಕ ಮೇಲೂ ಕೀಲಿಗೆ ಕೈ ಹಾಕಬೇಡಿ. ಪ್ಲಗ್‌ಗಳೆಲ್ಲ ಹೊರಗಿರುವಾಗಲೇ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಎರಡು ಪೂರ್ತಿ ಸುತ್ತು ಕೈಯಲ್ಲೇ ತಿರುಗಿಸಿ. ಎಲ್ಲಾದರೂ ಗಕ್ಕನೆ ತಡೆದರೆ ಅಲ್ಲೇ ನಿಲ್ಲಿಸಿ, ಹಿಂದಕ್ಕೆ ಸ್ವಲ್ಪ ಸಡಿಲಿಸಿ, ಕ್ಯಾಮೆರಾ ಮತ್ತೆ ಇಳಿಸಿ.