ಟ್ರೆಲ್ಲೊ ಕಾರ್ಡನ್ನು ಕನ್ನಡದಲ್ಲಿ ಓದಿಸುವುದು: ನನ್ನ ಕಲಿಕೆಯ ಟಿಪ್ಪಣಿ

ನನ್ನ ಸೋದರಮಾವ ಮೈಸೂರಿನಲ್ಲಿ ಅಡುಗೆ ಕಂಟ್ರಾಕ್ಟ್ ಮಾಡುತ್ತಾರೆ. ಮದುವೆ, ಗೃಹಪ್ರವೇಶ, ನಾಮಕರಣ, ಎಲ್ಲದಕ್ಕೂ. ಯಾವ ದಿನ ಯಾವ ಛತ್ರ, ಎಷ್ಟು ಎಲೆ, ಏನೇನು ಅಡುಗೆ ಎಂಬುದನ್ನು ಟ್ರೆಲ್ಲೊ ಎಂಬ ಕೆಲಸದ ಪಟ್ಟಿ ಇಡುವ ಆ್ಯಪ್‌ನಲ್ಲಿ ಬರೆದಿಡುತ್ತಾರೆ. ಒಂದು ಕಾರ್ಯಕ್ಕೆ ಒಂದು ಕಾರ್ಡು. ಆದರೆ ಅಡುಗೆಮನೆಯಲ್ಲಿ ಅದನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಕೈ ತುಂಬ ಹಿಟ್ಟು, ಎಣ್ಣೆ. ಭಟ್ಟರಿಗೆ ಕನ್ನಡಕ ಇಲ್ಲದೆ ಫೋನಿನ ಅಕ್ಷರ ಕಾಣುವುದಿಲ್ಲ. ಕೊನೆಗೆ ಮಾವನೇ ದಿನಾ ರಾತ್ರಿ ಫೋನ್ ಮಾಡಿ ಪಟ್ಟಿ ಓದಿ ಹೇಳುತ್ತಿದ್ದರು.

ಆ ಓದುವ ಕೆಲಸವನ್ನು ಈಗ ಒಂದು ಆಟೊಮೇಷನ್, ಅಂದರೆ ತಾನಾಗಿ ಓಡುವ ಜೋಡಣೆ, ಮಾಡುತ್ತದೆ. ನಾನು ಕೋಡ್ ಬರೆಯಲಿಲ್ಲ. ತಂತಿ ಜೋಡಿಸಿದ್ದು ಒಂದೇ ಸಂಜೆಯಲ್ಲಿ. ಕೇಳುವವರಿಗೆ ಅರ್ಥವಾಗುವಂತೆ ಓದಿಸಲು ಮಾತ್ರ ಮೂರು ವಾರ ಬೇಕಾಯಿತು. ಈ ಟಿಪ್ಪಣಿಯಲ್ಲಿ ಆ ಮೂರು ವಾರದ ವಿಷಯವೇ ಜಾಸ್ತಿ.

ಮೊದಲು ಜೋಡಣೆ

ನೋ-ಕೋಡ್ ಆಟೊಮೇಷನ್ ಅಂದರೆ ಮೂಲದಲ್ಲಿ ಎರಡೇ ಮಾತು. ಟ್ರಿಗರ್, ಅಂದರೆ ಕೆಲಸ ಶುರುವಾಗಲು ಕಾರಣ. ಆಕ್ಷನ್, ಅಂದರೆ ಆಮೇಲೆ ಆಗಬೇಕಾದ ಕೆಲಸ. ಜೇಪಿಯರ್, ಮೇಕ್, ಎನ್‌ಏಟ್‌ಎನ್ ಎಂಬ ಸೇವೆಗಳೆಲ್ಲ ಇದನ್ನೇ ಬೇರೆ ಬೇರೆ ಚಿತ್ರದಲ್ಲಿ ತೋರಿಸುತ್ತವೆ. ನಾನು ಹಿಡಿದದ್ದು ಮೇಕ್. 2022ಕ್ಕೆ ಮೊದಲು ಇದರ ಹೆಸರು ಇಂಟಿಗ್ರೊಮ್ಯಾಟ್. ಹಳೆಯ ಪಾಠಗಳಲ್ಲಿ ಆ ಹೆಸರು ಸಿಕ್ಕರೆ ಗೊಂದಲ ಬೇಡ, ಎರಡೂ ಒಂದೇ. ಸ್ವಂತ ಸರ್ವರ್ ಇರುವವರಿಗೆ ಎನ್‌ಏಟ್‌ಎನ್ ಒಳ್ಳೆಯದು. ಅದನ್ನು ನಮ್ಮ ಕಂಪ್ಯೂಟರಿನಲ್ಲೇ ಓಡಿಸಬಹುದು.

ನಾನು ಮೊದಲು ಮಾಡಿದ ಜೋಡಣೆ ಹೀಗೆ. ರಾತ್ರಿ 8ಕ್ಕೆ ಮೇಕ್ ಎದ್ದು ಟ್ರೆಲ್ಲೊ ಬೋರ್ಡಿನಿಂದ ಕಾರ್ಡುಗಳನ್ನು ತರುತ್ತದೆ. ನಾಳೆಯ ತಾರೀಖು ಇರುವುದನ್ನಷ್ಟೇ ಉಳಿಸಿಕೊಳ್ಳುತ್ತದೆ. ಅವುಗಳ ಬರಹವನ್ನು ಒಟ್ಟುಗೂಡಿಸಿ ಗೂಗಲ್ ಕ್ಲೌಡ್‌ನ ಟೆಕ್ಸ್ಟ್-ಟು-ಸ್ಪೀಚ್‌ಗೆ, ಅಂದರೆ ಬರಹವನ್ನು ದನಿಯಾಗಿ ಓದುವ ಸೇವೆಗೆ, ಕಳಿಸುತ್ತದೆ. ಬಂದ ಆಡಿಯೋವನ್ನು ಅಡುಗೆಯವರ ಟೆಲಿಗ್ರಾಂ ಗುಂಪಿಗೆ ಹಾಕುತ್ತದೆ. ಇಷ್ಟೇ.

ಗೂಗಲ್‌ಗೆ ಕಳಿಸುವ ಮನವಿಯಲ್ಲಿ ಮೂರು ಭಾಗ ಇರುತ್ತವೆ: ಓದಬೇಕಾದ ಬರಹ, ಯಾವ ದನಿ, ಯಾವ ಬಗೆಯ ಆಡಿಯೋ. ಕನ್ನಡಕ್ಕೆ ಭಾಷೆಯ ಗುರುತು ಕೆಎನ್-ಐಎನ್. ಮೈಕ್ರೊಸಾಫ್ಟ್‌ನ ಅಜೂರ್ ಎಂಬ ಇಂಥದೇ ಸೇವೆಯಲ್ಲೂ ಕನ್ನಡ ಇದೆ, ಅಲ್ಲಿ ಸಪ್ನಾ ಮತ್ತು ಗಗನ್ ಅಂತ ಎರಡು ದನಿ. ಎರಡೂ ಕಡೆ ಒಂದೇ ವಾಕ್ಯ ಓದಿಸಿ, ಕೇಳುವವರನ್ನೇ ಕೇಳಿ ಆರಿಸಿ. ನಮ್ಮ ಕಿವಿ ನಂಬಬೇಡಿ. ನಾವು ಇಯರ್‌ಫೋನ್ ಹಾಕಿಕೊಂಡು ಕೇಳುತ್ತೇವೆ, ಅವರು ಒಲೆಯ ಸದ್ದಿನ ನಡುವೆ ಕೇಳುತ್ತಾರೆ.

ಒಂದು ಕಡೆ ಎಲ್ಲರೂ ಎಡವುತ್ತಾರೆ. ಗೂಗಲ್ ಆಡಿಯೋ ಫೈಲನ್ನು ನೇರವಾಗಿ ಕೊಡುವುದಿಲ್ಲ. ಬೇಸ್64 ಎಂಬ ಉದ್ದನೆಯ ಅಕ್ಷರಮಾಲೆಯಾಗಿ ಕೊಡುತ್ತದೆ. ಅದನ್ನು ಹಾಗೇ ಟೆಲಿಗ್ರಾಂಗೆ ಕಳಿಸಿದರೆ ತೆರೆಯದ ಫೈಲು ಬರುತ್ತದೆ. ಮೇಕ್‌ನಲ್ಲಿ ಟುಬೈನರಿ ಎಂಬ ಫಂಕ್ಷನ್ ಇದೆ, ಅದರಿಂದ ಬಿಚ್ಚಿ ಕಳಿಸಬೇಕು.

'ಅಕ್ಕಿ' ಎಷ್ಟು ದೊಡ್ಡದು?

ಒಂದೇ ಕಾರ್ಡು ಇದ್ದಾಗ ಎಲ್ಲ ಸರಿಯಾಗಿತ್ತು. ಮದುವೆಯ ಕಾಲ ಬಂದು ಒಂದೇ ದಿನ ಐದು ಕಾರ್ಯ ಇದ್ದಾಗ ಎರರ್ ಬಂತು. ಗೂಗಲ್ ಒಂದು ಸಲಕ್ಕೆ 5,000 ಬೈಟ್ (ಕಂಪ್ಯೂಟರ್ ಗಾತ್ರ ಅಳೆಯುವ ಅಳತೆ) ಬರಹವನ್ನಷ್ಟೇ ತೆಗೆದುಕೊಳ್ಳುತ್ತದೆ. ನಾನು ಅದನ್ನು 5,000 ಅಕ್ಷರ ಅಂತ ಓದಿಕೊಂಡಿದ್ದೆ.

ಕನ್ನಡದಲ್ಲಿ ಲೆಕ್ಕವೇ ಬೇರೆ. ಕಂಪ್ಯೂಟರ್ ಅಕ್ಷರಗಳನ್ನು ಇಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದು ಗುರುತಿಗೆ ಮೂರು ಬೈಟ್. ನಾವು ಅಕ್ಷರ ಅನ್ನುವುದನ್ನು ಕಂಪ್ಯೂಟರ್ ಒಂದೇ ಗುರುತಾಗಿ ಇಡುವುದಿಲ್ಲ. 'ಅಕ್ಕಿ' ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರಿಗೆ ಅದು ಅ, ಕ, ಒತ್ತಕ್ಷರ ಕೂಡಿಸುವ ವಿರಾಮದ ಗುರುತು (್), ಮತ್ತೆ ಕ, ಗುಡಿಸು, ಹೀಗೆ ಐದು. ಅಂದರೆ 15 ಬೈಟ್. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ 18 ಬೈಟ್! ಈ ಲೆಕ್ಕದಲ್ಲಿ 5,000 ಬೈಟಿಗೆ ಸುಮಾರು 1,650 ಗುರುತು, ಹೆಚ್ಚುಕಮ್ಮಿ 200 ಪದ. ಅದಕ್ಕೆ ಈಗ ಒಂದು ಕಾರ್ಯಕ್ಕೆ ಒಂದು ಆಡಿಯೋ ಮಾಡಿಸುತ್ತೇನೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಯಾವ ಛತ್ರಕ್ಕೆ ಹೋಗುವವರು ಆ ಛತ್ರದ್ದನ್ನಷ್ಟೇ ಕೇಳಿದರೆ ಸಾಕು.

ನೆನಪಿಡಿ, ಮಿತಿ ಬೈಟಿನಲ್ಲಿ, ಬಿಲ್ಲು ಮಾತ್ರ ಗುರುತಿನ ಲೆಕ್ಕದಲ್ಲಿ. ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ.

ಕಣ್ಣಿಗೆ ಬರೆದದ್ದು ಕಿವಿಗೆ ಆಗುವುದಿಲ್ಲ

ಮೊದಲ ಆಡಿಯೋ ಕೇಳಿ ಭಟ್ಟರು ಹೇಳಿದ್ದು: "ಏನಮ್ಮಾ ಇದು, ಯಾರೋ ಫೋನ್ ನಂಬರ್ ಓದಿದ ಹಾಗಿದೆ. ಎಷ್ಟು ಎಲೆ ಅಂತಾನೇ ಗೊತ್ತಾಗ್ಲಿಲ್ಲ." ಅವರ ಮಾತು ನಿಜ. ಮಾವ ಕಾರ್ಡಿನಲ್ಲಿ ಬರೆಯುವುದು ತಮ್ಮ ಕಣ್ಣಿಗೆ. ಅಡ್ಡಗೆರೆ, ಓರೆಗೆರೆ, ನಕ್ಷತ್ರದ ಗುರುತು, ಇಂಗ್ಲಿಷಿನಲ್ಲಿ ಕೆಜಿ, ಮಧ್ಯೆ ಒಂದು ಮ್ಯಾಪ್ ಲಿಂಕ್. ಲಿಂಕ್ ಬಂದರೆ ಯಂತ್ರ ಅದನ್ನೂ ಬಿಡದೆ ಓದಲು ಹೋಗುತ್ತದೆ.

ಹಾಗಾಗಿ ಟ್ರೆಲ್ಲೊ ಮತ್ತು ದನಿಯ ನಡುವೆ ಒಂದು ಶುದ್ಧಿ ಮಾಡುವ ಹಂತ ಬೇಕು. ನನ್ನ ದೃಷ್ಟಿಯಲ್ಲಿ ಇಡೀ ಜೋಡಣೆಯಲ್ಲಿ ಮುಖ್ಯವಾದದ್ದು ಇದೇ. ಇದನ್ನು ಬಿಟ್ಟರೆ ಆಟೊಮೇಷನ್ ಓಡುತ್ತದೆ, ಆದರೆ ಯಾರೂ ಕೇಳುವುದಿಲ್ಲ. ರಿಪ್ಲೇಸ್ ಫಂಕ್ಷನ್ನಿನಿಂದ ನಾನು ಮಾಡುವುದು: ಲಿಂಕುಗಳನ್ನು ತೆಗೆಯುವುದು. ಕೆಜಿಯನ್ನು 'ಕಿಲೋ' ಮಾಡುವುದು. 'ಅರ್ಧ', 'ಕಾಲು' ಇವನ್ನು ಓರೆಗೆರೆಯ ಬದಲು ಪದದಲ್ಲೇ ಇಡುವುದು. '10-12' ಅಂತ ಇದ್ದರೆ '10ರಿಂದ 12' ಮಾಡುವುದು.

ಅದಕ್ಕಿಂತ ದೊಡ್ಡ ಬದಲಾವಣೆ ಕಾರ್ಡಿನಲ್ಲೇ ಆಯಿತು. ಉದ್ದದ ವಿವರಣೆಯ ಬದಲು ಟ್ರೆಲ್ಲೊದ ಕಸ್ಟಮ್ ಫೀಲ್ಡ್, ಅಂದರೆ ನಾವೇ ಹೆಸರಿಡುವ ಖಾನೆಗಳನ್ನು, ಇಟ್ಟೆವು: ಛತ್ರ, ಎಲೆ, ತಿಂಡಿ, ಊಟ, ತರಕಾರಿ. ಮೇಕ್ ಅವನ್ನು ಒಂದು ವಾಕ್ಯದ ಅಚ್ಚಿಗೆ ಹಾಕುತ್ತದೆ. "ನಾಳೆ ಇಂಥ ಛತ್ರ. ಊಟಕ್ಕೆ 400 ಎಲೆ. ಕೋಸಂಬರಿಗೆ ಬೇಳೆ ಈಗಲೇ ನೆನೆಹಾಕಿ." ಯಂತ್ರಕ್ಕೆ ಗಿಡ್ಡ ವಾಕ್ಯ ಕೊಟ್ಟರೆ ಅದರ ಓದು ಎಷ್ಟೋ ಮೇಲು.

ಉಸಿರಿಗೆ ಜಾಗ ಕೊಡಲು, ಹೇಗೆ ಓದಬೇಕು ಎಂದು ಯಂತ್ರಕ್ಕೆ ಹೇಳುವ ಗುರುತುಗಳ ಭಾಷೆ ಎಸ್‌ಎಸ್‌ಎಂಎಲ್ ಇದೆ. ಬರಹದ ನಡುವೆ ಬ್ರೇಕ್ ಎಂಬ ಟ್ಯಾಗ್ ಹಾಕಿ 700 ಮಿಲಿಸೆಕೆಂಡ್ ಅಂದರೆ ಅಷ್ಟು ಹೊತ್ತು ಸುಮ್ಮನಿರುತ್ತದೆ. ಆದರೆ ಎಸ್‌ಎಸ್‌ಎಂಎಲ್ ಎಕ್ಸ್‌ಎಂಎಲ್‌ನ ಜಾತಿ, ಅದರಲ್ಲಿ ಕೆಲವು ಗುರುತುಗಳಿಗೆ ವಿಶೇಷ ಅರ್ಥ. 'ಸಾರು ಮತ್ತು ಪಲ್ಯ' ಅಂತ ಬರೆಯುವ ಕಡೆ ಆಂಪರ್ಸಂಡ್ (&) ಗುರುತು ಹಾಕಿದ್ದರೆ ಇಡೀ ಮನವಿಯೇ ಬಿದ್ದುಹೋಗುತ್ತದೆ. ಅದನ್ನೂ ಮೊದಲೇ 'ಮತ್ತು' ಎಂದು ಬದಲಿಸಿಕೊಳ್ಳಿ.

ಕಾಣೆಯಾದ ತಿಂಡಿ

ಒಂದು ರಾತ್ರಿ ಮದುವೆಯ ಊಟದ ಆಡಿಯೋ ಬಂತು, ಬೆಳಗಿನ ತಿಂಡಿಯದು ಬರಲಿಲ್ಲ. ತಿಂಡಿಗೆ ಬೇರೆಯೇ ಕಾರ್ಡು ಇತ್ತು, ತಾರೀಖು ಸರಿ ಇತ್ತು. ಹಿಂದಿನ ದಿನದ ಗುಂಪು ನೋಡಿದರೆ ಆ ತಿಂಡಿ ಒಂದು ದಿನ ಮೊದಲೇ ಬಂದು ಕೂತಿತ್ತು! ಪುಣ್ಯಕ್ಕೆ ಮಾವ ಬಾಯಲ್ಲೂ ಹೇಳಿದ್ದರು.

ಕಾರಣ ಇದು. ಟ್ರೆಲ್ಲೊ ತಾರೀಖನ್ನು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಕೊಡುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. 10ನೇ ತಾರೀಖು ಬೆಳಿಗ್ಗೆ 5 ಗಂಟೆ ಅಂದರೆ ಅಲ್ಲಿ 9ನೇ ತಾರೀಖು ರಾತ್ರಿ 11:30. ಮಧ್ಯಾಹ್ನದ ಕೆಲಸ ಮಾಡುವವರಿಗೆ ಈ ದೋಷ ಕಾಣಿಸುವುದೇ ಇಲ್ಲ. ಬೆಳಗಿನ ಜಾವ ಒಲೆ ಹಚ್ಚುವವರಿಗೆ ಮಾತ್ರ ಹೊಡೆಯುತ್ತದೆ. ಮೇಕ್‌ನ ಫಾರ್ಮ್ಯಾಟ್‌ಡೇಟ್ ಫಂಕ್ಷನ್ನಿಗೆ ಏಷ್ಯಾ/ಕೋಲ್ಕತ್ತಾ ಅಂತ ಸಮಯವಲಯ ಕೊಟ್ಟು, ಆಮೇಲೆ ಹೋಲಿಸಿ. ಪರೀಕ್ಷೆ ಮಾಡುವಾಗ ಬೆಳಿಗ್ಗೆ ಐದೂವರೆಗೆ ಮೊದಲಿನ ಒಂದು ಕಾರ್ಡು ಕಡ್ಡಾಯ ಇರಲಿ.

ಇನ್ನೊಂದಿಷ್ಟು ಎಚ್ಚರಿಕೆ

ಆಡಿಯೋ ಹೋದ ಮೇಲೆ ಕಾರ್ಡಿಗೆ 'ಓದಿ ಆಯ್ತು' ಅಂತ ಕಾಮೆಂಟ್ ಹಾಕಬೇಕು ಅನಿಸುತ್ತದೆ. ಟ್ರಿಗರ್ 'ಕಾರ್ಡು ಬದಲಾದಾಗ' ಅಂತ ಇದ್ದರೆ ಆ ಕಾಮೆಂಟೇ ಬದಲಾವಣೆ ಆಗಿ, ಮತ್ತೆ ಓದಿ, ಮತ್ತೆ ಕಾಮೆಂಟ್ ಹಾಕಿ, ಸುತ್ತು ನಿಲ್ಲುವುದೇ ಇಲ್ಲ. ಮೇಕ್‌ನ ತಿಂಗಳ ಕೋಟಾ ಸ್ವಲ್ಪ ಹೊತ್ತಿನಲ್ಲೇ ಖಾಲಿ. ನಾನು ಕಾಮೆಂಟ್ ಬದಲು ಒಂದು ಲೇಬಲ್ ಅಂಟಿಸುತ್ತೇನೆ, ಆ ಲೇಬಲ್ ಇರುವ ಕಾರ್ಡನ್ನು ಮೊದಲ ಫಿಲ್ಟರಿನಲ್ಲೇ ಬಿಡುತ್ತೇನೆ. ಆಟೊಮೇಷನ್ ತಪ್ಪಿ ಎರಡು ಸಲ ಓಡಿದರೂ ಆಡಿಯೋ ಎರಡು ಸಲ ಹೋಗುವುದಿಲ್ಲ.

ಗೂಗಲ್‌ನ ಎಪಿಐ ಕೀಲಿಯನ್ನು, ಅಂದರೆ ಸೇವೆ ಬಳಸಲು ಅವರು ಕೊಡುವ ಗುಟ್ಟಿನ ಗುರುತನ್ನು, ಈ ಒಂದು ಸೇವೆಗೆ ಮಾತ್ರ ಸೀಮಿತ ಮಾಡಿ. ಬಜೆಟ್ ಅಲರ್ಟ್ ಹಾಕಿ, ಆದರೆ ಅದು ತಿಳಿಸುತ್ತದೆಯೇ ಹೊರತು ಖರ್ಚನ್ನು ತಾನಾಗಿ ನಿಲ್ಲಿಸುವುದಿಲ್ಲ.

ಕಾರ್ಡಿನಲ್ಲಿ ಗಿರಾಕಿಯ ಫೋನ್ ನಂಬರು, ಮುಂಗಡದ ಮೊತ್ತ ಇರುತ್ತದೆ ಅಲ್ವಾ? ಅದು ದನಿಯ ಕಂಪನಿಗೂ ಹೋಗಬಾರದು, ಗುಂಪಿಗೂ ಹೋಗಬಾರದು. ಬೇಕಾದ ಫೀಲ್ಡುಗಳನ್ನಷ್ಟೇ ಆರಿಸಿ ಕಳಿಸಿ. ಎಲ್ಲವನ್ನೂ ಕಳಿಸಿ ಆಮೇಲೆ ಅಳಿಸುವುದು ಬೇಡ.

ಆಡಿಯೋ ಗಾತ್ರದ ಚಿಂತೆ ಬೇಕಿಲ್ಲ. ಗೂಗಲ್‌ನ ಎಂಪಿ3 ಸೆಕೆಂಡಿಗೆ 32 ಕಿಲೋಬಿಟ್. ಒಂದು ನಿಮಿಷಕ್ಕೆ ಸುಮಾರು 240 ಕಿಲೋಬೈಟ್ ಆಗುತ್ತದೆ. ಛತ್ರದ ಮೂಲೆಯಲ್ಲಿ ನೆಟ್‌ವರ್ಕ್ ಸೋತಿದ್ದರೂ ಇಳಿಯುತ್ತದೆ.

ಕಳೆದ ವಾರ ಭಟ್ಟರು ಇನ್ನೊಂದು ಕೇಳಿದರು. "ಎಲೆ ಲೆಕ್ಕ ಎರಡು ಸಲ ಹೇಳ್ಸಮ್ಮಾ. ಮೊದಲನೇ ಸಲ ಹೇಳೋವಾಗ ಯಾರಾದ್ರೂ ಮಾತಾಡ್ತಾ ಇರ್ತಾರೆ." ಅಚ್ಚಿನ ಕೊನೆಗೆ ಎಲೆ ಫೀಲ್ಡನ್ನು ಇನ್ನೊಮ್ಮೆ ಎಳೆದು ಹಾಕಿದೆ, ಅದರ ಮುಂದೆ ಒಂದು ಸೆಕೆಂಡಿನ ಬ್ರೇಕ್ ಇಟ್ಟೆ. ಈಗ ಪ್ರತಿ ಆಡಿಯೋ ಎಲೆ ಲೆಕ್ಕದಿಂದಲೇ ಮುಗಿಯುತ್ತದೆ.